ಹಂಚಿನ ಎರಡನೇ ರೊಟ್ಟಿ

ನಮ್ಮ ದುಂಡಸಿಯಾಗ ಶಾರವ್ವನ ಮನಿ ಯಾವುದು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಮುಂಜಾನೆ ಆರಕ್ಕ ಬಸ್ ಇಳದು ಒಂದೀಟು ಕಿವಿಗೊಟ್ಟು ನಿಂತ್ರ ಸಾಕು. ಪಟ ಪಟ ಅಂತ ರೊಟ್ಟಿ ಬಡಿಯೂ ಸಪ್ಪಳ ಯಾವ ಕಡೆಯಿಂದ ಬರ್ತೈತಿ, ಆ ಕಡೆ ನಡೀರಿ. ಇಪ್ಪತ್ತು ವರ್ಷ ಆತು, ದಿನಾ ಮುನ್ನೂರು ಜೋಳದ ರೊಟ್ಟಿ. ಹತ್ತರ ಬಸ್ಸಿಗೆ ಬುಟ್ಟಿ ಏರಿತಂದ್ರ, ಶಿಗ್ಗಾಂವಿಯಾಗ ಕರಬಸಪ್ಪನ ಖಾನಾವಳಿಯಾಗ ಮಧ್ಯಾಹ್ನ ಜನ ಉಣ್ಣೂದು ಅವ ರೊಟ್ಟಿ. ಆಕಿ ಅವ್ವ ಸತ್ತಾಗ ಸೈತ ಬುಟ್ಟಿ ತಪ್ಪಿಸಿಲ್ಲ, ಮೊದಲ ಬುಟ್ಟಿ ಏರಿಸಿ ಆಮ್ಯಾಲೆ ಮಣ್ಣಿಗೆ ಹೋದಾಕಿ. ಗಿರಾಕಿ ಕಾಯಬಾರದು, ಇದು ಆಕಿ ಧರ್ಮ.

ನಾ ಹಾಜರಾಬಿ. ಈ ಊರಿನ ಆಶಾ ಕಾರ್ಯಕರ್ತೆ, ಶಾರವ್ವನ ಮನಿಗೂ ನಮ್ಮ ಮನಿಗೂ ನಡುವ ಒಂದ ಗ್ವಾಡಿ. ನನ್ನ ಬಾಯಿ ಜೋರು ಅಂತ ಊರಾಗ ಮಾತೈತಿ. ಇರಲಿ ಬಿಡ್ರಿ. ಮೆತ್ತಗ ಹೇಳಿದ್ರ ಈ ಊರಾಗ ಯಾವ ಕೂಸಿಗೂ ಲಸಿಕಿ ಬೀಳಂಗಿಲ್ಲ, ಯಾವ ಬಸುರಿನೂ ಕಬ್ಬಿಣದ ಗುಳಿಗಿ ನುಂಗಂಗಿಲ್ಲ. ಹದಿನಾಲ್ಕು ವರ್ಷದಾಗ ನಾ ಎಷ್ಟು ಬಸುರಿಯರನ್ನ ನೋಡೇನಿ, ಎಷ್ಟು ಅತ್ತಿಯರ ಜೋಡಿ ಜಗಳಾಡೇನಿ, ಲೆಕ್ಕ ಇಲ್ಲ. ಆದ್ರ ಶಾರವ್ವನಂಥಾ ಅತ್ತಿ ಒಬ್ಬಾಕಿನ್ನ ನೋಡೇನಿ. ಹಿಂಗ ಹೇಳಾಕ ಕಾರಣ ಐತಿ.

ಆಕಿ ಮಗ ಅಂಬರೀಶ, ಸಾಮಾನಿನ ಗಾಡಿ ಹೊಡೀತಾನ. ಅವನ ಹೆಂಡ್ತಿ ಮಾಲಾ, ಹಿರೇಕೆರೂರು ಕಡೆ ಅಬಲೂರಿನ ಹುಡುಗಿ. ಮದುವ್ಯಾಗಿ ಎರಡು ವರ್ಷಕ್ಕ ಬಸುರಾದ್ಲು. ಶಾರವ್ವನ ಸಂಭ್ರಮ ಏನ ಹೇಳ್ಲಿ! ಗಂಡ ನೀಲಪ್ಪನ್ನ ಅಟ್ಟಿ, ಪೇಟಿಯಿಂದ ಸಣ್ಣಕ್ಕಿ ಚೀಲ ತರಿಸಿದ್ಲು. ಹಾಲಿನಂಥಾ ಬೆಳ್ಳನ ಅಕ್ಕಿ. ಮೂರೂ ಹೊತ್ತು ಸೊಸಿಗೆ ಬಿಸಿ ಅನ್ನ, ಮ್ಯಾಲೆ ತುಪ್ಪ. ಸಂಜಿಗೆ ಶಾವಿಗಿ ಪಾಯಸ. ಮಾಲಾ "ಸಾಕ್ರೀ ಅತ್ತಿ" ಅಂದ್ರ, "ಎರಡು ಜೀವಕ್ಕ ಉಣ್ಣಬೇಕ, ಸುಮ್ಮ ಉಣ್ಣು" ಅಂತ ಇನ್ನೊಂದು ಸೌಟು ಬೀಳೂದು. ನಾ ಗ್ವಾಡಿ ಆ ಕಡೆ ಕುಂತು ಕೇಳಿಸ್ಕೊಂಡು ನಗೂದು. ಸೊಸಿಗೆ ಹಳಸಿದ್ದು ಹಾಕೂ ಅತ್ತಿಯರನ್ನ ನೋಡಿದ ಕಣ್ಣಿಗೆ ಇದು ಹಬ್ಬದಂಗ ಕಾಣ್ತಿತ್ತು. ಆ ಮನ್ಯಾಗ ನೀಲಪ್ಪ ಉಣ್ಣೂದು ರೊಟ್ಟಿ, ಅಂಬರೀಶ ಉಣ್ಣೂದು ರೊಟ್ಟಿ, ಶಾರವ್ವ ಉಣ್ಣೂದು ಮುರದ ರೊಟ್ಟಿ. ಅನ್ನ ಮಾಲಾನೊಬ್ಬಾಕಿಗೆ.

ಆರನೇ ತಿಂಗಳದಾಗ ನಾನ ಕರಕೊಂಡು ಶಿಗ್ಗಾಂವಿ ಆಸ್ಪತ್ರಿಗೆ ಹೋದೆ. ಗ್ಲೂಕೋಸ್ ನೀರು ಕುಡಿಸಿ, ಎರಡು ತಾಸು ಕೂಡ್ರಿಸಿ ರಕ್ತ ತಗೊಂಡ್ರು. ನೂರಾ ನಲವತ್ತರ ಒಳಗ ಇರಬೇಕಾಗಿತ್ತು, ಬಂದದ್ದು ನೂರಾ ಅರವತ್ತೆಂಟು. ಮಾಲಾನ ಮಾರಿ ಸಣ್ಣದಾತು.

ಡಾಕ್ಟರ ಸಂಪದಾ ಅಂತ, ಸವಣೂರಿನ ಹೆಣ್ಣುಮಗಳು. ಮನೀ ಮಂದಿಯೆಲ್ಲಾ ಓದಿದವ್ರು, ಆದ್ರ ಮಾತು ಭಾಳ ಸಾದಾ. "ಅಂಜಬ್ಯಾಡ್ರಿ ಮಾಲಾ. ಇದರಾಗ ನಿಮ್ಮ ತಪ್ಪು ಏನೂ ಇಲ್ಲ. ಬಸುರಿದ್ದಾಗ ಕೆಲವ್ರಿಗೆ ಸಕ್ರಿ ಏರ್ತದ, ಹಡದ ಮ್ಯಾಲೆ ಹೆಚ್ಚಾಗಿ ಇಳೀತದ. ಆದ್ರ ಈಗ ಬಿಟ್ರ ಕೂಸು ಅಳತಿ ಮೀರಿ ಬೆಳೀತದ, ಹೆರಿಗಿ ಕಠಿಣ ಆಗ್ತದ, ಹುಟ್ಟಿದ ಮ್ಯಾಲೆ ಕೂಸಿಗೆ ತ್ರಾಸು. ಹದಿನೈದು ದಿನ ಊಟ ಸರಿ ಮಾಡಿ ನೋಡೋಣು" ಅಂದ್ರು.

ಊಟದ ಬಗ್ಗೆ ಅವ್ರು ಹೇಳಿದ್ದನ್ನ ಮನ್ಯಾಗ ಮುಟ್ಟಿಸೂ ಕೆಲಸ ನಂದು. ಇಲ್ಲಿ ನಂದೂ ತಪ್ಪೈತಿ, ಒಪ್ಕೋತೇನಿ. ಅವತ್ತ ಪೋಲಿಯೋ ಹನಿ ಕೆಲಸ ಇತ್ತು, ಗಡಿಬಿಡಿ. ಬಾಗಲದಾಗ ನಿಂತ "ಶಾರಕ್ಕ, ಸೊಸಿಗೆ ಸಕ್ರಿ ಕೊಡಬ್ಯಾಡ, ಅನ್ನ ಕಡಿಮಿ ಮಾಡು" ಅಂತ ಒದರಿ ಹೋಗಿಬಿಟ್ಟೆ. ಶಾರವ್ವ ಚಾಚೂ ತಪ್ಪದಂಗ ಪಾಲಿಸಿದ್ಲು. ಸಕ್ರಿ ಬ್ಯಾಡ ಅಂದೆ, ಬೆಲ್ಲ ಹಾಕಿದ್ಲು. ಅನ್ನ ಕಡಿಮಿ ಅಂದೆ, ಮುಂಜಾನೆ ಬ್ರೆಡ್ಡು, ಮಧ್ಯಾಹ್ನ ಸಾಬೂದಾಣಿ, ಸಂಜಿಗೆ ಮೈದಾದ ಟೋಸ್ಟ್ ಚಹಾದಾಗ ಅದ್ದಿ ತಿನ್ನಿಸಿದ್ಲು. ಎಲ್ಲಾ ಬೆಳ್ಳನವ, ಎಲ್ಲಾ ಮೆತ್ತನವ. "ಬಸುರಿ ಹೊಟ್ಟಿಗೆ ಹಗರ ಆಗಿರಬೇಕ" ಅಂತ ಆಕಿ ಹಟ.

ಹದಿನೈದು ದಿನ ಬಿಟ್ಟು ಮತ್ತ ಹೋದ್ವಿ. ಈ ಸಲ ಉಂಡು ಎರಡು ತಾಸಿಗೆ ನೋಡಿದ್ದು. ನೂರಾ ಇಪ್ಪತ್ತರ ಒಳಗ ಬರಬೇಕು, ಬಂದದ್ದು ನೂರಾ ನಲವತ್ತಾರು.

ಡಾಕ್ಟರು ಕಾಗದ ಬದಿಗಿಟ್ಟು, "ದಿನಾ ಏನೇನು ಉಣ್ತೀರಿ, ಒಂದೂ ಬಿಡದಂಗ ಹೇಳ್ರಿ" ಅಂದ್ರು. ಮಾಲಾ ಹೇಳಿದ್ಲು. ಬೆಲ್ಲ ಅಂದಾಗ ಡಾಕ್ಟರು ನನ್ನ ಕಡೆ ನೋಡಿದ್ರು. ನಾ ನೆಲ ನೋಡಿದೆ.

"ಮತ್ತ ರೊಟ್ಟಿ?" ಅಂತ ಕೇಳಿದ್ರು.

ಮಾಲಾ ತಲಿ ತಗ್ಗಿಸಿ, "ನಮ್ಮ ಮನ್ಯಾಗ ರೊಟ್ಟಿ ಮಾರೂದಕ್ಕರೀ" ಅಂದ್ಲು.

ಡಾಕ್ಟರಿಗೆ ನಗು ಬಂತು, ತಡಕೊಂಡ್ರು. ಆಮ್ಯಾಲೆ ಸಮಾಧಾನದಿಂದ ತಿಳಿಸಿ ಹೇಳಿದ್ರು. "ಅನ್ನಾನೂ ಕಡೀಕ ಸಕ್ರಿನ ಆಗ್ತದ, ರೊಟ್ಟೀನೂ ಸಕ್ರಿನ ಆಗ್ತದ. ಪೂರ್ತಿ ಬಿಡೂ ಹಂಗಿಲ್ಲ, ಕೂಸಿಗೆ ಶಕ್ತಿ ಬೇಕಲ್ಲ. ಯಾವುದು ಆರಿಸ್ಕೋತೀರಿ, ಎಷ್ಟು ಉಣ್ತೀರಿ, ಅದರ ಜೋಡಿ ಏನು ಉಣ್ತೀರಿ, ಅದು ಮುಖ್ಯ. ನುಣ್ಣಗ ಬೆಳ್ಳಗ ಮಾಡಿದ್ದು ಲಗೂನ ಸಕ್ರಿ ಆಗಿ ರಕ್ತಕ್ಕ ಸೇರ್ತದ. ಹೊಟ್ಟು ಸಹಿತ ಇರೂ ಜೋಳ, ನವಣಿ, ಕಾಳು ಸಾವಕಾಶ ಕರಗ್ತಾವ. ಇನ್ನ ಎಂಟು ದಿನ ಕೊಡ್ತೀನಿ. ಸೋಮವಾರ ಬರ್ರಿ. ಇಳೀಲಿಲ್ಲ ಅಂದ್ರ ಇನ್ಸುಲಿನ್ ಸುರು ಮಾಡೋಣು. ಅದೇನು ಶಿಕ್ಷಾ ಅಲ್ಲ, ಬೇಕಾದವ್ರಿಗೆ ಕೊಡಲೇಬೇಕು. ಆದ್ರ ಊಟದಿಂದ ಇಳೀತದೋ ಇಲ್ಲೋ, ನೀವಿನ್ನೂ ಸರಿಯಾಗಿ ನೋಡೇ ಇಲ್ಲ."

ಮಾಲಾ ಮರುದಿನ ಮುಂಜಾನೆ ಏನೂ ತಿನ್ನದ ನೀರಿಗೆ ಹೋಗಿ, ನಳದ ಕಟ್ಟಿ ಮ್ಯಾಲೆ ಕಣ್ಣಿಗೆ ಕತ್ತಲಿ ಬಂದು ಕುಂತಬಿಟ್ಲು. ನಾ ಓಡಿ ಹೋದೆ.

"ಉಂಡ್ರ ಸಕ್ರಿ ಏರ್ತೈತಿ ಹಾಜರಕ್ಕ, ಅದಕ್ಕ ಉಣ್ಣೂದ ಬಿಟ್ಟೇನಿ. ನನ್ನ ಕೂಸಿಗೆ ಏನಾರ ಆದ್ರ ನಾ ಹೆಂಗ ಬದುಕ್ಲಿ?" ಅಂತ ಅಳಾಕ ಸುರು ಮಾಡಿದ್ಲು.

ನನಗ ನೆತ್ತಿಗೇರಿತು. ಮಾಲಾನ ಮ್ಯಾಲೆ ಅಲ್ಲ, ನನ್ನ ಮ್ಯಾಲೆ, ಶಾರವ್ವನ ಮ್ಯಾಲೆ, ಆ ಸಾಬೂದಾಣಿ ಮ್ಯಾಲೆ. ಹುಡುಗಿ ಕೈ ಹಿಡಕೊಂಡು ನೆಟ್ಟಗ ಅವ್ರ ಅಡಿಗಿ ಮನಿಗೆ ನುಗ್ಗಿದೆ. ಶಾರವ್ವ ಒಲಿ ಮುಂದ ಕುಂತಿದ್ಲು. ಬಾಜು ಬುಟ್ಟ್ಯಾಗ ಇನ್ನೂರು ರೊಟ್ಟಿ ಎದಿಮಟ ಏರಿದ್ವು, ಘಮ್ ಅಂತ ವಾಸನಿ.

"ಏ ಶಾರಕ್ಕ! ಶಿಗ್ಗಾಂವಿ ಮಂದಿಗೆಲ್ಲಾ ರೊಟ್ಟಿ ಉಣಸ್ತಿ, ಮನ್ಯಾಗಿನ ಬಸುರಿ ಉಪಾಸ ಬಿದ್ದು ನಳದ ಕಡೆ ಕುಸದಾಳ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅದು ನಿನ್ನ ನೋಡೇ ಹೇಳ್ಯಾರ. ಈಕಿಗೆ ಬೇಕಾದ ಔಷಧ ನಿನ್ನ ಹಂಚಿನ ಮ್ಯಾಲೈತಿ. ಹಾಕು ಒಂದ ರೊಟ್ಟಿ ಈಕಿ ತಾಟಿಗೆ!"

ಶಾರವ್ವನ ಕೈ ನಿಂತುಬಿಟ್ಟಿತು. ಹಂಚಿನ ಮ್ಯಾಲಿನ ರೊಟ್ಟಿ ಸೀದು ಹೊಗಿ ಬಂದ್ರೂ ತಿರುವಲಿಲ್ಲ. ಇಪ್ಪತ್ತು ವರ್ಷದಾಗ ಆಕಿ ರೊಟ್ಟಿ ಸೀಯೂದನ್ನ ನಾ ನೋಡಿದ್ದು ಅದ ಮೊದಲು.

"ಹಾಕಂಗಿಲ್ಲ," ಅಂದ್ಲು. "ನನ್ನ ಸೊಸಿ ಬಸುರಿದ್ದಾಗ ಆಕಿ ತಾಟಿನ್ಯಾಗ ರೊಟ್ಟಿ ಬೀಳಂಗಿಲ್ಲ. ಆಣಿ ಮಾಡೇನಿ."

"ಯಾರ ಮ್ಯಾಲೆ?"

"ಈ ಕೂಸಿನ ಅಪ್ಪ ನನ್ನ ಹೊಟ್ಟ್ಯಾಗಿದ್ದಾಗ, ಅವನ ಮ್ಯಾಲೆ" ಅಂತ ಮಾಲಾನ ಹೊಟ್ಟಿ ಕಡೆ ಕೈ ಮಾಡಿದ್ಲು. ಅಂಬರೀಶ ಹೊಟ್ಟ್ಯಾಗಿದ್ದಾಗಿನ ಮಾತದು. ಮೂವತ್ತೊಂದು ವರ್ಷದ ಹಿಂದಿಂದು.

ಆಮ್ಯಾಲೆ ಹೇಳಿದ್ಲು, ನಮ್ಮ ಮಾರಿ ನೋಡದ, ಹಿಟ್ಟು ನಾದಿಕೋತ. ಆಗ ಅವ್ರ ಮನ್ಯಾಗ ಅನ್ನ ಅಂದ್ರ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ. ಬಸುರಿ ಶಾರವ್ವಗ ಅನ್ನದ ಬಯಕಿ. ಕನಸಿನ್ಯಾಗೂ ಅನ್ನ. ಏಳನೇ ತಿಂಗಳದಾಗ ಕುಬಸ ಮಾಡಿದ್ರು. ಬಸುರಿಗೆ ಹಸರ ಸೀರಿ ಉಡಿಸಿ, ಬಳಿ ಇಡಿಸಿ, ಬಯಕಿ ಊಟ ಮಾಡಿಸೂ ದಿನ ಅದು. ಅವತ್ತ ಸೇರಕ್ಕಿ ಅನ್ನ ಮಾಡಿದ್ರು. ಬಂದ ಬೀಗರಿಗೆ ಬಡಿಸಿದ್ರು, ಹಿರಿಯರಿಗೆ ಬಡಿಸಿದ್ರು. ಶಾರವ್ವನ ತಾಟಿಗೆ ಬರೂದ್ರಾಗ ಅನ್ನದ ಗುಂಡಿ ತಳ ಕಂಡಿತ್ತು. ಆಕಿ ಅತ್ತಿ ಎರಡು ಒಣಗಿದ ಕಟಕ ರೊಟ್ಟಿ ತಂದು ದೂರದಿಂದ ತಾಟಿಗೆ ಒಗದು, "ಕೂಲಿ ಮಾಡೂ ಹೊಟ್ಟಿಗೆ ಅನ್ನ ಯಾಕ ಬೇಕು, ಇದನ್ನ ತಿನ್ನು" ಅಂದ್ಲಂತ. ಮಂದಿ ನಕ್ಕರಂತ.

"ಆ ರೊಟ್ಟಿ ತಾಟಿಗೆ ಬಿದ್ದ ಸಪ್ಪಳ ಇನ್ನೂ ಕೇಳ್ತೈತಿ ನನಗ" ಅಂದ್ಲು ಶಾರವ್ವ. "ರೊಟ್ಟಿ ಅಂದ್ರ ಬಡವರ ಹೊಟ್ಟಿಗೆ ಒಗಿಯೂದು ಹಾಜರಾ. ನಾ ಮಾರ್ತೇನಿ, ಖರೆ. ನನ್ನ ಸೊಸಿಗೆ ಒಗಿಯಂಗಿಲ್ಲ."

ಮಾಲಾನ ಕಣ್ಣಾಗ ನೀರು. ನಾನೂ ಅತ್ತೆ, ಯಾಕ ಸುಳ್ಳು ಹೇಳ್ಲಿ.

ಆದ್ರ ಅಳಕೋತ ಕುಂತ್ರ ಸೋಮವಾರ ನಿಲ್ಲತೈತೇನು? ಆಕಿ ಬಾಜು ಕುಂತು ಹೇಳಿದೆ, "ಶಾರಕ್ಕ, ಒಗದಾಕಿ ಬ್ಯಾರೆ, ಬಡದು ಕೈಯಾಗ ಕೊಡಾಕಿ ಬ್ಯಾರೆ. ರೊಟ್ಟಿ ಏನ ತಪ್ಪು ಮಾಡೇತಿ? ನಿನ್ನ ಅತ್ತಿ ತಪ್ಪನ್ನ ಆ ಜೋಳದ ಮ್ಯಾಲೆ ಯಾಕ ಹಾಕ್ತಿ? ನೀ ಪ್ರೀತಿಲೆ ಕೊಟ್ಟ ಅನ್ನ ಈಕಿ ಕೂಸಿಗೆ ತ್ರಾಸು ಕೊಡಾಕತ್ತೈತಿ. ಎಂಟು ದಿನ ಐತಿ ನಮ್ಮ ಕೈಯಾಗ."

ಶಾರವ್ವ ಸೀದ ರೊಟ್ಟಿ ತಗದು ಒಲಿಗೆ ಹಾಕಿದ್ಲು. ಹಂಚು ಒರಸಿ, ಹೊಸಾ ಉಂಡಿ ಮಾಡಿ ಬಡದ್ಲು. ಹಂಚಿನ ಮೊದಲನೇ ರೊಟ್ಟಿ ಆಕಳಿಗೆ, ಅದು ಆ ಮನಿ ಪದ್ಧತಿ. ಸೀದ ಹಂಚು ಒರಸಿ ಹೊಸದಾಗಿ ಸುರು ಮಾಡಿದ್ಲಲ್ಲ, ಅದಕ್ಕ ಆ ಮೊದಲನೇದನ್ನೂ ಆಕಳಿಗಂತ ತಗದಿಟ್ಲು. ಎರಡನೇದು ಉಬ್ಬಿ ಬಂತು. ಅದನ್ನ ಕೈಮ್ಯಾಲೆ ತಗೊಂಡು, ಎದ್ದು ಬಂದು, ಮಾಲಾನ ಎರಡೂ ಅಂಗೈ ಕೂಡಿಸಿ ಅದರ ಮ್ಯಾಲೆ ಇಟ್ಲು. ತಾಟಿಗೆ ಹಾಕಲಿಲ್ಲ.

"ಬಿಸಿ ಐತಿ, ಸಾವಕಾಶ" ಅಂದ್ಲು.

ಶಾರವ್ವ ಒಂದು ಕೆಲಸ ಹಿಡದ್ಲಂದ್ರ ಮುಗೀತು. ಮರುದಿನದಿಂದ ಮಾಲಾನ ಹಿಟ್ಟು ಬ್ಯಾರೆ. ಖಾನಾವಳಿಗೆ ಹೋಗೂ ಹಿಟ್ಟು ಸಣ್ಣ ಜರಡಿ ಹಿಡೀತಾಳ, ಗಿರಾಕಿಗೆ ರೊಟ್ಟಿ ಬೆಳ್ಳಗ ಕಾಣಬೇಕಲ್ಲ. ಸೊಸಿ ಹಿಟ್ಟು ಜರಡಿ ಹಿಡೀಲಿಲ್ಲ, ಹೊಟ್ಟು ಸಹಿತ. ನೀಲಪ್ಪ, ಪಾಪ, ಎರಡು ಡಬ್ಬಿ ಹೊತ್ತು ಗಿರಣಿಗೆ ಹೋಗಿ "ಇದು ಮಂದೀದು, ಇದು ನಮ್ಮ ಸೊಸೀದು" ಅಂತ ಬೀಸಿಸ್ಕೊಂಡು ಬರೂದು. ಮೊದಲ ದಿನ ಹುಮ್ಮಸ್ಸಿಗೆ ನಾಕು ರೊಟ್ಟಿ ಕೊಟ್ಲು. ನಾ ಹೋಗಿ ಎರಡು ತಗದೆ. "ಯವ್ವಾ, ಔಷಧ ಅಂತ ಬಾಟ್ಲಿಗಟ್ಲೆ ಕುಡಸ್ತೀಯೇನು? ಎರಡ ಸಾಕು, ಜೋಡಿ ಹೆಸರುಕಾಳು ಪಲ್ಯ ಜಾಸ್ತಿ ಹಾಕು." ಅದರ ಬಾಜು ಮೆಂತ್ಯ ಸೊಪ್ಪು, ಸೌತಿಕಾಯಿ, ಒಂದು ವಾಟಗ ಮೊಸರು. ನಡುವ ಹಸಿವಾದ್ರ ಹಿಡಿ ಹುರಗಡ್ಲಿ, ಇಲ್ಲಾ ಒಂದು ಪೇರಲಕಾಯಿ. ಒಂದಿನ ಜೋಳದ ನುಚ್ಚು, ಒಂದಿನ ನವಣಕ್ಕಿ. ಅನ್ನ ಪೂರ್ತಿ ಬಂದ್ ಮಾಡಲಿಲ್ಲ, ಮಧ್ಯಾಹ್ನ ಒಂದು ಮುಷ್ಟಿ, ಬ್ಯಾಳಿ ಜೋಡಿ, ಊಟದ ಕಡೀಕ. ಉಂಡು ಅತ್ತಿ ಸೊಸಿ ಕೂಡಿ ಬಸ್ ಸ್ಟ್ಯಾಂಡ್ ತನಕ ನಡದು ಬರೂದು. ಮೂರು ದಿನಕ್ಕ ಮಾಲಾನ ಮಾರಿಗೆ ಕಳಿ ಬಂತು, ಕಣ್ಣಿಗೆ ಕತ್ತಲಿ ಬರೂದು ನಿಂತಿತು.

ಪೇಚಾಟ ಬಂದದ್ದು ಭಾನುವಾರ. ಕುಬಸ ಅವತ್ತಿಗೇ ನಿಕ್ಕಿಯಾಗಿತ್ತು, ಮರುದಿನಾನ ಪರೀಕ್ಷಾ. ಅಬಲೂರಿನಿಂದ ಮಾಲಾನ ಮಂದಿ ಗಾಡಿ ತುಂಬ ಬಂದ್ರು. ಶೇಂಗಾದ ಹೋಳಿಗಿ, ಕರಚಿಕಾಯಿ, ಕಡಬು, ಬುಟ್ಟಿ ಮ್ಯಾಲೆ ಬುಟ್ಟಿ. ಹಸರ ಸೀರಿ ಉಟ್ಟು ಮಾಲಾ ಮಣಿ ಮ್ಯಾಲೆ ಕುಂತಾಳ. ಶಾರವ್ವ ತಾಟು ತಂದು ಇಟ್ಲು. ತಾಟಿನ್ಯಾಗ ಕಾಳು, ಸೊಪ್ಪು, ಮೊಸರು; ಎರಡು ಬಿಸಿ ರೊಟ್ಟಿ ಮಾತ್ರ ಮಾಲಾನ ಕೈಯಾಗ ಕೊಟ್ಲು.

ಮಾಲಾನ ಸೋದರತ್ತಿ ಫಕ್ಕೀರವ್ವ ಮೂಗಿನ ಮ್ಯಾಲೆ ಬೆರಳಿಟ್ಟುಕೊಂಡ್ಲು. "ಅಯ್ಯ ಶಿವನ! ಏನ್ರೀ ಬೀಗತಿ, ಕುಬಸದ ದಿನ ನಮ್ಮ ಹುಡುಗಿಗೆ ರೊಟ್ಟಿ? ಮಾರಿ ಉಳದದ್ದೇನ್ರಿ?"

ಮಂದಿ ನಕ್ಕರು. ಮೂವತ್ತೊಂದು ವರ್ಷದ ಹಿಂದಿನ ನಗಿ ಇದ ಅಲ್ಲೇನು? ಶಾರವ್ವ ಈಗ ಸೋತು ಆ ಹೋಳಿಗಿ ಬುಟ್ಟಿ ಸೊಸಿ ಮುಂದ ಜಗ್ಗಿದ್ರ, ನಾಳೆ ಬೆಳಿಗ್ಗಿ ಎಲ್ಲಾ ನೀರಾಗ ಹೋಮ.

ಶಾರವ್ವ ಸೆರಗು ಸಿಗಿಸ್ಕೊಂಡ್ಲು. "ಮಾರಿ ಉಳದದ್ದಲ್ರೀ ಫಕ್ಕೀರವ್ವ. ಇದನ್ನ ತಗದಿಟ್ಟ ಮ್ಯಾಲೆ ಉಳದದ್ದನ್ನ ಮಾರ್ತೇನಿ. ನಿಮ್ಮ ಹುಡುಗಿಗೆ ಸಕ್ರಿ ಏರೇತಿ, ಮುಚ್ಚಿಡೂ ಮಾತೇನೈತಿ? ನನಗ ಕೂಸೂ ಬೇಕು, ಕೂಸಿನ ತಾಯೀನೂ ಬೇಕು. ಮಂದಿ ಏನಾರ ಅನ್ನಲಿ, ಅವ್ರು ಉಂಡು ಹೊಕ್ಕಾರ." ಆಮ್ಯಾಲೆ ಒಂದು ಹೋಳಿಗಿ ತಗದು, ಅಡಿಕಿಯಷ್ಟು ಮುರದು ಮಾಲಾನ ಬಾಯಾಗ ಇಟ್ಲು. "ಶಾಸ್ತ್ರಕ್ಕ ಇಷ್ಟ. ಉಳದದ್ದು ನೀವೆಲ್ಲಾ ಹೊಟ್ಟಿ ತುಂಬ ಉಣ್ರಿ, ಕುಂದ್ರಿ."

ಫಕ್ಕೀರವ್ವ ಕುಂತ್ಲು. ಕುಂತು ಮೂರು ರೊಟ್ಟಿ ಹೊಡದ್ಲು, ಅದನ್ನೂ ಹೇಳಬೇಕು. ಹೋಗೂ ಮುಂದ ಶಾರವ್ವನ ಕಿವ್ಯಾಗ "ನನಗೂ ಸಕ್ರಿ ಐತ್ರಿ, ಯಾರಿಗೂ ಹೇಳಿಲ್ಲ" ಅಂದ್ಲು. ಈಗ ಊರ ಮಂದಿಗೆ ನಾ ಹೇಳಾಕತ್ತೇನಿ, ಬೈಕೊಳ್ಳಲಿ.

ಸೋಮವಾರ. ಶಾರವ್ವ ಕರಬಸಪ್ಪಗ ಫೋನ್ ಹಚ್ಚಿ, "ಇವತ್ತ ಹತ್ತರ ಬಸ್ಸಿಗೆ ರೊಟ್ಟಿ ಬರಂಗಿಲ್ಲ, ಮಧ್ಯಾಹ್ನದ ಬಸ್ಸಿಗೆ ಕಳಸ್ತೇನಿ" ಅಂದ್ಲು. ಆ ಮನಶ್ಯಾ ಗಾಬರಿಯಾಗಿ, ಯಾರು ಸತ್ರು ಅಂತ ಕೇಳಿದ್ನಂತ. ಮಾಲಾ ಎರಡು ರೊಟ್ಟಿ ಉಂಡ್ಲು, ಮೂವರೂ ಬಸ್ ಹತ್ತಿದ್ವಿ. ಆಸ್ಪತ್ರಿಯಾಗ ರಕ್ತ ಕೊಟ್ಟು ಬೆಂಚಿನ ಮ್ಯಾಲೆ ಕುಂತ್ವಿ. ಶಾರವ್ವನ ಕೈ ಸುಮ್ಮನಿರಲಿಲ್ಲ, ತನ್ನ ತೊಡಿ ಮ್ಯಾಲೆನ ಪಟ ಪಟ ಬಡೀತಿತ್ತು.

ಡಾಕ್ಟರು ಕರದ್ರು. "ನೂರಾ ಹನ್ನೆರಡು" ಅಂದ್ರು. "ಭಾಳ ಛಲೋ ಆತು. ಹಿಂಗ ನಡಸ್ರಿ, ಸೂಜಿ ಸದ್ಯಕ್ಕ ಬ್ಯಾಡ. ಪರೀಕ್ಷಾ ಮಾತ್ರ ತಪ್ಪಸಬ್ಯಾಡ್ರಿ. ಯಾರು ಈ ಊಟ ಮಾಡಿ ಹಾಕಿದ್ದು?"

ಶಾರವ್ವ ಸೆರಗಿನ್ಯಾಗ ಮಾರಿ ಮುಚ್ಚಿಕೊಂಡ್ಲು. ಮಾಲಾ ಆಕಿ ಕೈ ಹಿಡದು ಡಾಕ್ಟರಿಗೆ ತೋರಿಸಿದ್ಲು.

ಮುಂದ ಎಲ್ಲಾ ಸುಸೂತ್ರ ಆತು. ಮೂರು ಕಿಲೋದ ಹೆಣ್ಣು ಕೂಸು, ಗಟ್ಟಿಮುಟ್ಟು, ಧ್ವನಿ ನನ್ನಂಗ ಜೋರು. ಆದ್ರ ನಾ ಹೇಳಬೇಕಂತ ಕುಂತದ್ದು ಕೂಸಿನ ಸುದ್ದಿ ಅಲ್ಲ, ಆ ಸೋಮವಾರದ್ದು.

ಊರಿಗೆ ಬಂದು ಇಳದ್ವಿ. ಶಾರವ್ವ ಗಡಿಬಿಡಿಲೆ ಹಿಟ್ಟಿಗೆ ಎಸರು ಇಡಾಕ ಹೊಂಟ್ರ, ಮಾಲಾ ಅಡ್ಡ ನಿಂತ್ಲು. "ಕುಂದ್ರೀ ಅತ್ತಿ" ಅಂದ್ಲು. ಅತ್ತೀನ ಕೈ ಹಿಡದು ಮಣಿ ಮ್ಯಾಲೆ ಕೂಡ್ರಿಸಿದ್ಲು. ನಿನ್ನೆ ಆಕಿ ತಾನು ಕುಂತಿದ್ದ ಮಣಿ ಅದು. ಒಳಗ ಹೋಗಿ ಒಲಿ ಹಚ್ಚಿದ್ಲು. ನನಗೂ ಏನು ನಡದೈತಿ ಗೊತ್ತಾಗಲಿಲ್ಲ. ಅರ್ಧ ತಾಸಿಗೆ ತಾಟು ಹಿಡಕೊಂಡು ಬಂದ್ಲು. ಆ ಸಣ್ಣಕ್ಕಿ ಅನ್ನ, ಹೊಗಿ ಆಡ್ತಿತ್ತು, ಮ್ಯಾಲೆ ತುಪ್ಪ.

"ಇದೇನ, ನನಗ್ಯಾಕ?" ಅಂದ್ಲು ಶಾರವ್ವ.

"ನಿಮ್ಮ ಬಯಕಿ ಊಟರೀ ಅತ್ತಿ. ತಡ ಆಗೇತಿ, ಏನೂ ತಿಳ್ಕೋಬ್ಯಾಡ್ರಿ."

ಶಾರವ್ವ ತಾಟು ನೋಡಿಕೋತ ಕುಂತ್ಲು. ಒಂದು ತುತ್ತು ಕಲಸಿ ಬಾಯಾಗ ಇಟ್ಲು. ಗಲ್ಲದ ಮ್ಯಾಲೆ ನೀರು ಹರೀತಿತ್ತು, ಒರಸ್ಕೊಳ್ಳಲಿಲ್ಲ. "ಉಪ್ಪು ಒಂದೀಟು ಕಡಿಮಿ ಆಗೇತಿ ನೋಡ" ಅಂದ್ಲು. ಎರಡನೇ ತುತ್ತು ಕಲಸಿದ್ಲು.

ಅಷ್ಟ್ರಾಗ ಫೋನ್ ಹೊಡೀತು. ಕರಬಸಪ್ಪ. ಸ್ಪೀಕರಿನ್ಯಾಗ ಅವನ ದನಿ ನನಗೂ ಕೇಳಸ್ತಿತ್ತು. "ಶಾರವ್ವ, ಎಲ್ಲದಾವ್ರೀ ರೊಟ್ಟಿ? ಗಿರಾಕಿ ಕುಂತಾರ, ಎಷ್ಟೊತ್ತು ಕಾಯಬೇಕು?"

ಶಾರವ್ವ ಬಾಯಾಗಿನ ತುತ್ತು ಸಾವಕಾಶ ನುಂಗಿದ್ಲು.

"ನಾ ಉಣ್ಣಾಕತ್ತೇನ್ರಿ," ಅಂದ್ಲು. "ಕಾಯ್ರಿ."